ಲೈಸೆನ್ಸಿಲ್ಲದ ಸಾರಥಿಯೂ ಕಾನೂನೂ

ಮೋಟಾರು ನಡೆಸುವವನಿಗೆ ಲೈಸೆನ್ಸು ಬೇಕೆಂಬ ಕಟ್ಟಳೆ ಇಂಗ್ಲೆಂಡಿನಲ್ಲಿ 1903ರ ಕಾಯಿದೆಯಿಂದ ಬಂದಿತು. ಐದು ಷಿಲ್ಲಿಂಗು ಕಟ್ಟಿದರೆ ಲೈಸೆನ್ಸು ಸಿಕ್ಕುತ್ತಿತ್ತು; ಗಾಡಿ ನಡೆಸಲು ಬರುತ್ತದೆಯೇ ಎಂದು ಪರೀಕ್ಷಿಸುವ ಏರ್ಪಾಡು ಇರಲಿಲ್ಲ. ಪರೀಕ್ಷೆ ಕಡ್ಡಾಯವಾದದ್ದು 1935ರಲ್ಲಿ. ಅಲ್ಲಿಯವರೆಗೆ ಆ ಕಾಗದವು ಸಾರಥಿ ಯಾರೆಂಬುದನ್ನು ಹೇಳುತ್ತಿತ್ತೇ ಹೊರತು ಅವನ ನಿಪುಣತೆಯನ್ನಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿದೀತು.

ನಮ್ಮ ದೇಶಕ್ಕೆಲ್ಲ ಅನ್ವಯಿಸುವ ಮೋಟಾರು ಕಾಯಿದೆಗಳು 1914ರಲ್ಲಿ ಒಂದು, 1939ರಲ್ಲಿ ಇನ್ನೊಂದು ಬಂದವು. ಆದರೆ ಅಪಘಾತದಲ್ಲಿ ಜೀವ ಹೋದಾಗ ಪೋಲೀಸರು ತೆರೆಯುತ್ತಿದ್ದ ಪುಸ್ತಕ ಬೇರೆ: 1860ರ ದಂಡಸಂಹಿತೆ. ದುಡುಕಿನಿಂದಲೋ ಅಲಕ್ಷ್ಯದಿಂದಲೋ ಸಾವು ತಂದವನಿಗೆ ಎರಡು ವರ್ಷದವರೆಗೆ ಸಜೆ ಎಂಬ 304-ಎ ಕಲಮನ್ನು ಅದಕ್ಕೆ ಸೇರಿಸಿದ್ದು 1870ರಲ್ಲಿ. ಪೆಟ್ರೋಲು ಮೋಟಾರು ಹುಟ್ಟಲು ಆಗ ಇನ್ನೂ ಹದಿನೈದು ವರ್ಷವಿತ್ತು!

ಹೀಗಿರಲು, ಲೈಸೆನ್ಸಿಲ್ಲದವನು ಗಾಡಿ ನಡೆಸಿ ಒಬ್ಬರು ಸತ್ತರೆ, ಲೈಸೆನ್ಸಿಲ್ಲದಿರುವುದೇ ಅಲಕ್ಷ್ಯವಲ್ಲವೆ? ಅಲ್ಲದೆ ಮತ್ತೇನು ಎಂದು ನಾವು ನೀವು ಹೇಳಿಬಿಡುತ್ತೇವೆ. 1967ರಲ್ಲಿ ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಲಿಲ್ಲ. ಜೀಪು ನಡೆಸುತ್ತಿದ್ದವನ ಬಳಿ ಇದ್ದದ್ದು ಕಲಿಯುವವರ ಲೈಸೆನ್ಸು ಮಾತ್ರ, ಕಲಿಸುವವರು ಪಕ್ಕದಲ್ಲಿರಲಿಲ್ಲ. ಜೀಪು ಬಡಿದು ಒಬ್ಬ ಮನುಷ್ಯ ಸತ್ತ. ಆದರೆ ಅವನು ದುಡುಕಿ ನಡೆಸಿದನೆಂಬುದಕ್ಕೆ ಸಾಕ್ಷ್ಯವಿರಲಿಲ್ಲ. ಕಲಿಯುವವರ ಲೈಸೆನ್ಸಿನವನಿಗೆ ಗಾಡಿ ನಡೆಸಲು ಬಾರದೆಂದು ಊಹಿಸಿಕೊಳ್ಳುವಂತಿಲ್ಲ, ಸಾವಿಗೆ ಅವನ ದುಡುಕೇ ನೇರ ಕಾರಣವೆಂದು ಸಿದ್ಧವಾಗಬೇಕು ಎಂದು ನ್ಯಾಯಾಧೀಶರು ಹೇಳಿದರು. 304-ಎ ಶಿಕ್ಷೆ ಬಿದ್ದುಹೋಯಿತು.

ಸತ್ತವನ ಮನೆಯವರಿಗೆ ಇದು ಕಹಿಯಾದ ಮಾತೇ. ಆದರೂ ತರ್ಕ ಸರಿಯೆಂದೇ ನನಗೆ ತೋರುತ್ತದೆ. ಅದೇ ಅಪಘಾತದಲ್ಲಿ ಲೈಸೆನ್ಸಿದ್ದವನು ಪಾರಾಗುವುದಾದರೆ, ಇಲ್ಲದವನು ಜೈಲಿಗೆ ಹೋಗುವುದು ಸಾವಿಗಾಗಿ ಅಲ್ಲ, ಕಾಗದಕ್ಕಾಗಿ. ಕಾಗದದ ತಪ್ಪಿಗೆ ಮೋಟಾರು ಕಾಯಿದೆಯಲ್ಲಿ ಬೇರೆ ದಂಡವಿದ್ದೇ ಇತ್ತು.

ಇಂಗ್ಲೆಂಡು ಇದೇ ಪ್ರಶ್ನೆಗೆ ಬಹಳ ತಡವಾಗಿ ಕೈಹಾಕಿತು. ಲೈಸೆನ್ಸೋ ವಿಮೆಯೋ ಇಲ್ಲದವನಿಂದ ಸಾವಾದರೆ ಎರಡು ವರ್ಷದವರೆಗೆ ಸಜೆ ಎಂಬ ಕಾನೂನು ಅಲ್ಲಿ 2008ರಲ್ಲಿ ಜಾರಿಗೆ ಬಂತು. ಪೂರ್ಣ ಲೈಸೆನ್ಸೂ ವಿಮೆಯೂ ಇಲ್ಲದ ಒಬ್ಬನು ತನ್ನ ಪಾಡಿಗೆ ತನ್ನ ಮಗ್ಗುಲಲ್ಲೇ ಬರುತ್ತಿದ್ದಾಗ, ಹೆರಾಯಿನ್ ಸೇವಿಸಿದ್ದ ಇನ್ನೊಬ್ಬನು ಎದುರಿನಿಂದ ಅಡ್ಡಬಂದು ಡಿಕ್ಕಿ ಹೊಡೆದು ಸತ್ತ. ಬದುಕಿದವನ ಮೇಲೆ ಮೊಕದ್ದಮೆ! ನಡೆಸುವ ರೀತಿಯಲ್ಲಿ ಏನಾದರೊಂದು ತಪ್ಪಿರಲೇಬೇಕೆಂದು ಅಲ್ಲಿಯ ಸುಪ್ರೀಂ ಕೋರ್ಟು 2013ರಲ್ಲಿ ತೀರ್ಮಾನಿಸಿತು.

ನಮ್ಮಲ್ಲಿ 1988ರ ಕಾಯಿದೆ ಲೈಸೆನ್ಸಿಲ್ಲದವನಿಗೆ ವಿಧಿಸಿದ್ದ ಜುಲ್ಮಾನೆ 500 ರೂಪಾಯಿವರೆಗೆ ಇತ್ತು. 2019ರ ತಿದ್ದುಪಡಿಯಿಂದ ಅದು 5,000 ಆಯಿತು. 2024ರ ಜುಲೈ 1ರಿಂದ 304-ಎ ಕಲಮಿನ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆಯ 106ನೆಯದು ಬಂದು, ಸಾಮಾನ್ಯವಾಗಿ ಅಲಕ್ಷ್ಯದ ಸಾವಿಗೆ ಸಜೆಯ ಮಿತಿ ಐದು ವರ್ಷಕ್ಕೇರಿತು. ಮನೆಯ ಹಿರಿಯರು ಗಮನಿಸಬೇಕಾದದ್ದು 2019ರಲ್ಲೇ ಸೇರಿದ ಇನ್ನೊಂದು ಕಲಮು. ಹದಿನೆಂಟು ತುಂಬದ ಹುಡುಗ ಗಾಡಿ ನಡೆಸಿ ಅಪರಾಧವೆಸಗಿದರೆ ಪೋಷಕನಿಗೋ ಗಾಡಿಯ ಒಡೆಯನಿಗೋ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ಜುಲ್ಮಾನೆ. ತನಗೆ ತಿಳಿಯದೆ ನಡೆಯಿತೆಂದೋ ತಡೆಯಲು ತಕ್ಕಷ್ಟು ಯತ್ನಿಸಿದೆನೆಂದೋ ರುಜುವಾತು ಮಾಡುವ ಹೊಣೆ ಅವನದೇ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ದೊರೆಯದು.