ಪಾಪಾಸುಕಳ್ಳಿಯನ್ನು ಮಣಿಸಿದ ಬಿಳಿ ಹುಳು

ಇಂದು ಹಳ್ಳಿಗಾಡಿನಲ್ಲಿ ಪಾಪಾಸುಕಳ್ಳಿಯನ್ನು ನೋಡಬೇಕಾದರೆ ಹುಡುಕಿಕೊಂಡು ಹೋಗಬೇಕು. ಬೇಲಿಯ ಮೂಲೆಯಲ್ಲೋ, ಹಾಳುಗುಡಿಯ ಹಿಂದೆಯೋ ನಾಲ್ಕಾರು ಪೊದೆ ಕಂಡರೆ ಹೆಚ್ಚು. ನೂರು ವರ್ಷಗಳ ಹಿಂದೆ ಸ್ಥಿತಿ ಹೀಗಿರಲಿಲ್ಲ. ದಕ್ಷಿಣ ಭಾರತದ ಒಣಸೀಮೆಯಲ್ಲಿ ಆಗ ಈ ಕಳ್ಳಿಯದೇ ರಾಜ್ಯಭಾರ. ಬೇಲಿಗೆಂದು ನೆಟ್ಟದ್ದು ಬೇಲಿ ದಾಟಿ ಹೊಲಕ್ಕೆ ಬಂದಿತ್ತು. ಗೋಮಾಳಗಳನ್ನು ನುಂಗಿತ್ತು.

ಅಷ್ಟು ದೊಡ್ಡ ಪಿಡುಗು ಎಲ್ಲಿಗೆ ಹೋಯಿತು? ಅದನ್ನು ಕಡಿದು ಮುಗಿಸಿದವರು ಯಾರು? ಕೊಡಲಿ ಹಿಡಿದ ಆಳುಗಳಲ್ಲ, ವಿಷ ಸಿಂಪಡಿಸಿದ ಅಧಿಕಾರಿಗಳೂ ಅಲ್ಲ. ಈ ಕೆಲಸ ಮಾಡಿದ್ದು ಹತ್ತಿಯ ಎಳೆಯಂಥ ಬಿಳಿ ಹೊದಿಕೆಯೊಳಗೆ ಕೂತು ಕಳ್ಳಿಯ ರಸ ಹೀರುವ ಒಂದು ಪುಟ್ಟ ಹುಳು. ರಾಸಾಯನಿಕ ವಿಷವಿಲ್ಲದ ಬೇಸಾಯದ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ದಿನಗಳಲ್ಲಿ ಆ ಹುಳುವಿನ ಚರಿತ್ರೆ ನೆನಪಿಸಿಕೊಳ್ಳುವಂಥದ್ದು.

ಕೆಂಪು ಬಣ್ಣದ ಆಸೆ

ಪಾಪಾಸು ಎಂದರೆ ಚಪ್ಪಲಿ. ಗಿಡದ ದಪ್ಪ ಎಲೆ ಚಪ್ಪಲಿಯ ಅಟ್ಟೆಯಂತೆ ಕಾಣುವುದರಿಂದ ಈ ಹೆಸರು. ಎಲೆಯೆಂದು ನಾವು ಕರೆಯುವುದು ನಿಜಕ್ಕೂ ಅದರ ಕಾಂಡ. ಹೆಸರು ನಮ್ಮದಾದರೂ ಗಿಡ ನಮ್ಮದಲ್ಲ, ಅದರ ತವರು ಅಮೆರಿಕ ಖಂಡ.

ಅದು ಇಲ್ಲಿ ಬೇರೂರಿದ ಕಥೆಯ ಹಿಂದೆ ಕಿರಮಂಜಿ ಬಣ್ಣದ ವ್ಯಾಪಾರವಿದೆ. ಮೆಕ್ಸಿಕೊದಲ್ಲಿ ಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಹುಳುವನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ ಸಿಗುತ್ತದೆ. ಒಂದು ಪೌಂಡ್ ಸರಕಿಗೆ ಸುಮಾರು 70 ಸಾವಿರ ಹುಳುಗಳು ಬೇಕು. ಯುರೋಪಿನ ಪೇಟೆಯಲ್ಲಿ ಅದಕ್ಕೆ ಭಾರಿ ಬೆಲೆಯಿತ್ತು. ಆ ವ್ಯಾಪಾರವೆಲ್ಲ ಸ್ಪೇನ್ ದೇಶದವರ ಕೈಯಲ್ಲಿತ್ತು. ಇದನ್ನು ಮುರಿಯಬೇಕೆಂಬುದು ಈಸ್ಟ್ ಇಂಡಿಯಾ ಕಂಪನಿಯ ಆಸೆ. ಮದ್ರಾಸಿನಲ್ಲಿ ವೈದ್ಯರಾಗಿದ್ದ ಜೇಮ್ಸ್ ಆಂಡರ್ಸನ್ 1780ರ ದಶಕದ ಕೊನೆಯ ಹೊತ್ತಿಗೆ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿಸಿದರು.

1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್‌ನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ಆದರೆ ಬಂದದ್ದು ಬಣ್ಣ ಕೊಡುವ ಉತ್ತಮ ಜಾತಿಯಲ್ಲ, ಅದರ ಕಾಡು ದಾಯಾದಿ. ಬಣ್ಣದ ದೃಷ್ಟಿಯಿಂದ ಅದು ಕಳಪೆ. ಕಂಪನಿಯ ಲೆಕ್ಕ ತಪ್ಪಿತು.

ಆದರೆ ಆ ತಪ್ಪಿನಿಂದಲೇ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಹುಳು ಹೋದಲ್ಲೆಲ್ಲ ಒಂದು ಜಾತಿಯ ಕಳ್ಳಿ ಒಣಗಿ ಬೀಳತೊಡಗಿತು. ಇದನ್ನು ಗಮನಿಸಿದವರು 1836ರಿಂದ 1838ರ ನಡುವೆ ಹುಳುವನ್ನು ದಕ್ಷಿಣ ಭಾರತಕ್ಕೆ ತಂದರು. 1860ರ ದಶಕದಲ್ಲಿ ಅದು ಸಿಂಹಳಕ್ಕೂ ಹೋಯಿತು. ಒಂದು ಕಳೆಯನ್ನು ಅಡಗಿಸಲೆಂದೇ ಕೀಟವನ್ನು ಬೇಕೆಂದು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಇಂದು 'ಜೈವಿಕ ನಿಯಂತ್ರಣ' ಎಂದು ಕರೆಯುವ ವಿಜ್ಞಾನದ ಬೇರುಗಳಲ್ಲೊಂದು ಹೀಗೆ ನಮ್ಮ ನೆಲದಲ್ಲೇ ಇದೆ.

ಎರಡನೆಯ ಕಳ್ಳಿ, ಎರಡನೆಯ ಹುಳು

ಕಥೆ ಅಲ್ಲಿಗೆ ಮುಗಿಯಲಿಲ್ಲ. ಆ ಹುಳು ತಿನ್ನುತ್ತಿದ್ದುದು ಒಂದೇ ಜಾತಿಯ ಕಳ್ಳಿಯನ್ನು. ದಕ್ಷಿಣದಲ್ಲಿ ಹಬ್ಬಿದ್ದ ಇನ್ನೊಂದು ಜಾತಿಯನ್ನು ಅದು ಮೂಸಿಯೂ ನೋಡಲಿಲ್ಲ. ಈ ಎರಡನೆಯ ಕಳ್ಳಿ ಮಹಾ ಮೊಂಡು. ಕಡಿದು ಎಸೆದರೆ ಬಿದ್ದ ತುಂಡೇ ಬೇರು ಬಿಡುತ್ತಿತ್ತು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಊರೂರಿಗೆ ಒಯ್ಯುತ್ತಿದ್ದವು. ಪೊದೆಯೊಳಗೆ ಹಾವು, ಹೆಗ್ಗಣಗಳ ವಾಸ. ಬರಗಾಲದಲ್ಲಿ ಮುಳ್ಳು ಸುಟ್ಟು ದನಗಳಿಗೆ ಹಾಕಿದ್ದು ಬಿಟ್ಟರೆ ರೈತನಿಗೆ ಅದರಿಂದ ಬಂದ ಲಾಭ ಅಷ್ಟಕ್ಕಷ್ಟೆ.

ಈ ಕಳ್ಳಿಗೆ ತಕ್ಕ ಹುಳು ಇದ್ದುದು ಅಮೆರಿಕದಲ್ಲಿ. ಅಲ್ಲಿಂದ ಆಸ್ಟ್ರೇಲಿಯಾಕ್ಕೆ, ಆಸ್ಟ್ರೇಲಿಯಾದಿಂದ ಸಿಂಹಳಕ್ಕೆ ಬಂದ ಇನ್ನೊಂದು ಜಾತಿಯ ಕೊಚಿನೀಲ್ ಹುಳು 1926ರಲ್ಲಿ ದಕ್ಷಿಣ ಭಾರತಕ್ಕೆ ಕಾಲಿಟ್ಟಿತು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಬಳಿ ಪಳಗಿದ ಕೆ. ಕುಂಞಿಕಣ್ಣನ್ ಆಗ ಸಂಸ್ಥಾನದ ಕೀಟಶಾಸ್ತ್ರಜ್ಞರು. ಆ ಹುದ್ದೆಗೇರಿದ ಮೊದಲ ಭಾರತೀಯರೂ ಅವರೇ. ಕೀಟಗಳಿಂದ ಮೈಸೂರಿನ ಕಳ್ಳಿಯನ್ನು ಹತೋಟಿಗೆ ತಂದ ಬಗೆಯನ್ನು 1930ರಲ್ಲಿ ಅವರು ಬರೆದಿಟ್ಟಿದ್ದಾರೆ.

ವಿಧಾನ ತೀರ ಸರಳ. ಹುಳು ಹತ್ತಿದ ಕಳ್ಳಿಯ ತುಂಡನ್ನು ಒಯ್ದು ಹೊಸ ಪೊದೆಯ ಮೇಲಿಟ್ಟರೆ ಮುಗಿಯಿತು. ಹೆಣ್ಣು ಹುಳುವಿಗೆ ರೆಕ್ಕೆಯಿಲ್ಲ. ಆದರೆ ಮರಿಗಳು ಎಷ್ಟು ಹಗುರವೆಂದರೆ ಗಾಳಿಯೇ ಅವನ್ನು ಮುಂದಿನ ಪೊದೆಗೆ ಸಾಗಿಸುತ್ತದೆ. ಇದಕ್ಕೆ ಯಂತ್ರ ಬೇಡ, ಔಷಧಿ ಬೇಡ, ರೈತ ಸಾಲ ಮಾಡಬೇಕಾಗಿಲ್ಲ. ಐದಾರು ವರ್ಷಗಳಲ್ಲಿ ದಕ್ಷಿಣ ಭಾರತದ ಸುಮಾರು 1 ಲಕ್ಷ ಎಕರೆ ನೆಲ ಕಳ್ಳಿಯಿಂದ ಮುಕ್ತವಾಯಿತು.

ಅದೇ ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ಸುಮಾರು 6 ಕೋಟಿ ಎಕರೆ ನೆಲ ಕಳ್ಳಿಯ ಪಾಲಾಗಿತ್ತು. ಅಲ್ಲಿ ಆರ್ಸೆನಿಕ್ ವಿಷ ಸುರಿದೂ ಆಗದ ಕೆಲಸವನ್ನು ಅರ್ಜೆಂಟೀನಾದಿಂದ 1925ರಲ್ಲಿ ತಂದ ಒಂದು ಪತಂಗದ ಹುಳುಗಳು ಏಳೆಂಟು ವರ್ಷಗಳಲ್ಲಿ ಮಾಡಿ ಮುಗಿಸಿದವು. ಕೃತಜ್ಞರಾದ ಕ್ವೀನ್ಸ್‌ಲ್ಯಾಂಡಿನ ರೈತರು 1936ರಲ್ಲಿ ಆ ಪತಂಗದ ಹೆಸರಿನಲ್ಲಿ ಒಂದು ಸಭಾಭವನವನ್ನೇ ಕಟ್ಟಿಸಿದರು!

ಎಲ್ಲ ಹುಳುಗಳೂ ಒಂದೇ ಅಲ್ಲ

ಹಾಗೆಂದು ಈ ದಾರಿಯಲ್ಲಿ ಮುಗ್ಗರಿಸಿದವರೇ ಇಲ್ಲವೆನ್ನುವಂತಿಲ್ಲ. ಕಬ್ಬಿನ ದುಂಬಿಯನ್ನು ತಿನ್ನಲಿ ಎಂದು ಇದೇ ಆಸ್ಟ್ರೇಲಿಯಾ 1935ರಲ್ಲಿ ಹವಾಯಿಯಿಂದ ಕಪ್ಪೆಗಳನ್ನು ತರಿಸಿತು. ಕಪ್ಪೆ ದುಂಬಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಬೆಳೆಯಿತು. ಇಂದಿಗೂ ಆ ದೇಶಕ್ಕೆ ಅದೊಂದು ತಲೆನೋವು. ಸಿಕ್ಕಿದ್ದನ್ನೆಲ್ಲ ತಿನ್ನುವ ಪ್ರಾಣಿಯನ್ನು ನಂಬಬಾರದು, ಒಂದನ್ನೇ ತಿಂದು ಬದುಕುವುದನ್ನು ಮಾತ್ರ ಆರಿಸಬೇಕು ಎಂಬುದು ಇದರಿಂದ ಕಲಿತ ಪಾಠ.

ಆ ಎಚ್ಚರಿಕೆ ಬೆಂಗಳೂರಿಗೂ ಬೇಕಾಯಿತು. ಕಾಂಗ್ರೆಸ್ ಗಿಡವೆಂದೇ ಹೆಸರಾದ ಪಾರ್ಥೇನಿಯಂ ಕಳೆಯನ್ನು ತಿನ್ನುವ ಜೀರುಂಡೆಯನ್ನು 1983ರಲ್ಲಿ ಮೆಕ್ಸಿಕೊದಿಂದ ತರಿಸಿ, ಪರೀಕ್ಷಿಸಿ, ಮರುವರ್ಷ ಬೆಂಗಳೂರಿನಲ್ಲಿ ಬಿಡಲಾಯಿತು. ಕೆಲವು ವರ್ಷಗಳ ನಂತರ ಅದು ಸೂರ್ಯಕಾಂತಿ ಗಿಡದ ಮೇಲೆ ಕಾಣಿಸಿಕೊಂಡಾಗ ರೈತರು ಗಾಬರಿಯಾದರು. ಸೂರ್ಯಕಾಂತಿಯೊಂದನ್ನೇ ನಂಬಿ ಅದು ಸಂತತಿ ಬೆಳೆಸಲಾರದು ಎಂದು ವಿಜ್ಞಾನಿಗಳು ತೋರಿಸಿದ ಮೇಲೆ ಆತಂಕ ತಗ್ಗಿತು. ಆದರೆ ಪಾರ್ಥೇನಿಯಂ ಸೋಲಲಿಲ್ಲ. ಮಳೆಗಾಲದಲ್ಲಿ ಗಿಡವನ್ನು ಬೋಳಿಸುವ ಜೀರುಂಡೆ ಒಣಹವೆ ಬಂತೆಂದರೆ ಮಣ್ಣಿನೊಳಗೆ ಮಲಗಿಬಿಡುತ್ತದೆ.

ಇತ್ತೀಚಿನ ದೊಡ್ಡ ಗೆಲುವೆಂದರೆ ಪಪ್ಪಾಯಿ ಹಿಟ್ಟುತಿಗಣೆಯದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಈ ಕೀಟ ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಹಿಡಿಯಿತು. ರೇಷ್ಮೆ ಬೆಳೆಗಾರರಿಗೆ ಇದು ಇಬ್ಬದಿಯ ಸಂಕಟ. ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆಹುಳು ಸಾಯುತ್ತದೆ, ಹೊಡೆಯದಿದ್ದರೆ ಸೊಪ್ಪೇ ಇಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ತರಿಸಿದ ಪುಟ್ಟ ಕಣಜಗಳನ್ನು ಬೆಂಗಳೂರಿನ ರಾಷ್ಟ್ರೀಯ ಕೀಟ ಬ್ಯೂರೋದಲ್ಲಿ ಬೆಳೆಸಿ ಹಂಚಿದ ಮೇಲೆ ಪಿಡುಗು ಇಳಿಯಿತು. ರೇಷ್ಮೆಹುಳುವಿಗೆ ಕೂದಲೂ ಕೊಂಕಲಿಲ್ಲ.

ಮತ್ತೆ ಬಂದ ಕಳ್ಳಿ

ಇಷ್ಟು ಅಗ್ಗದ ಉಪಾಯ ಕೀಟನಾಶಕದ ಡಬ್ಬಿಯಷ್ಟು ಮನೆಮಾತಾಗಲಿಲ್ಲವೇಕೆ? ಒಮ್ಮೆ ಬಿಟ್ಟರೆ ತಾನೇ ಬೆಳೆದು ಹರಡುವ ಹುಳುವನ್ನು ವರ್ಷವರ್ಷವೂ ಮಾರಲು ಬರುವುದಿಲ್ಲ. ಮಾರುವವರಿಲ್ಲದ ಸರಕಿಗೆ ಜಾಹೀರಾತೂ ಇರುವುದಿಲ್ಲ. ಅಂಥ ಕೆಲಸ ಸರ್ಕಾರದ ಇಲಾಖೆ ಮತ್ತು ಸಂಶೋಧನಾ ಸಂಸ್ಥೆಗಳಿಂದಲೇ ಆಗಬೇಕು. ಕುಂಞಿಕಣ್ಣನ್ ಅವರ ಕಾಲದಲ್ಲಿ ಆದದ್ದೂ ಹಾಗೆಯೇ.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನಮ್ಮಲ್ಲಿ ನೆಲ ಬಿಡಿಸಿಕೊಟ್ಟ ಅದೇ ಕೊಚಿನೀಲ್ ಹುಳು 2014ರಲ್ಲಿ ಮೊರಾಕ್ಕೊ ದೇಶದಲ್ಲಿ ಕಾಣಿಸಿಕೊಂಡಿತು. ಅಲ್ಲಿ ಕಳ್ಳಿ ಕಳೆಯಲ್ಲ, ಹಣ್ಣಿಗೂ ಮೇವಿಗೂ ಬೆಳೆಸುವ ಬೆಳೆ. ಹುಳು ಅಲ್ಲಿಯ ಹಳ್ಳಿಗರ ಬದುಕನ್ನೇ ಹಿಂಡಿತು. ಭಾರತದಲ್ಲೂ ಈಗ ಮಳೆ ಕಡಿಮೆಯ ಪ್ರದೇಶಗಳಿಗೆ ಮುಳ್ಳಿಲ್ಲದ ಕಳ್ಳಿಯನ್ನು ಮೇವಿನ ಬೆಳೆಯಾಗಿ ತರುವ ಪ್ರಯೋಗಗಳು ನಡೆದಿವೆ. ಅಜ್ಜನ ಕಾಲದಲ್ಲಿ ಹೊಲದಿಂದ ಓಡಿಸಿದ್ದನ್ನು ಮೊಮ್ಮಗನ ಕಾಲದಲ್ಲಿ ನೆಡುವ ಹೊತ್ತು ಬಂದಿದೆ. ಆದರೆ 1926ರಲ್ಲಿ ಬಂದ ಹುಳು ಇನ್ನೂ ಈ ನೆಲ ಬಿಟ್ಟು ಹೋಗಿಲ್ಲ. ಒಮ್ಮೆ ಕರೆಸಿಕೊಂಡ ಅತಿಥಿಯನ್ನು ವಾಪಸು ಕಳಿಸಲಾಗದು. ಹೊಸ ಕಳ್ಳಿ ನೆಡುವವರು ಹಳೆಯ ಹುಳುವಿನ ಈ ಚರಿತ್ರೆಯನ್ನೂ ಒಮ್ಮೆ ತಿರುವಿ ನೋಡುವುದು ಒಳ್ಳೆಯದು.