ಕೃಪೆ, ಕೃಪಣ, ಕೃಪಾಂಕ

ಕೃಪೆಗೂ ಕೃಪಣನಿಗೂ ಬೇರು ಒಂದೇ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಸಂಸ್ಕೃತದ ಕೃಪಣ ಮೂಲದಲ್ಲಿ ಜಿಪುಣನಲ್ಲ, ಕಂಡವರ ಕರುಳು ಚುರ್ ಎನ್ನಿಸುವ ದೀನ. ಅವನಿಗಾಗಿ ಮರುಗುವುದೇ ಕೃಪೆ. ಗೀತೆ ಫಲಕ್ಕೇ ಕಣ್ಣಿಟ್ಟು ದುಡಿಯುವವರನ್ನು ಕೃಪಣರು ಎನ್ನುತ್ತದೆ. ಕೈಯಲ್ಲಿದ್ದೂ ಉಣ್ಣದವನಿಗಿಂತ ದೀನ ಇನ್ಯಾರು ಎಂದೋ ಏನೋ, ಕನ್ನಡದಲ್ಲಿ ಉಳಿದದ್ದು ಜಿಪುಣನ ಅರ್ಥವೇ.

ಕುಮಾರವ್ಯಾಸ ಗದುಗಿನಲ್ಲಿ ಕನ್ನಡಕ್ಕೆ ತಂದ ಭಾರತದಲ್ಲಿ ಕೃಪೆ ಎಂಬ ಪದ ಮನುಷ್ಯನಾಗಿಯೇ ಓಡಾಡುತ್ತದೆ. ಬೇಟೆಗೆ ಹೋದ ಶಂತನುವಿನ ಕಡೆಯವರಿಗೆ ಜೊಂಡಿನ ನಡುವೆ ಅವಳಿ ಕೂಸುಗಳು ಸಿಕ್ಕವೆಂದು ಮೂಲಕಥೆ. ಅರಸ ಮರುಗಿ ತಂದು ಸಾಕಿದ. ಕೃಪೆಯಿಂದ ಬದುಕಿದ್ದಕ್ಕೆ ಅವು ಕೃಪ, ಕೃಪಿ. ಕೂಸುಗಳು ಏನು ಗಳಿಸಿದ್ದವು ಎಂದು ಯಾರೂ ಕೇಳಲಿಲ್ಲ.

ಮುಂದೆ ಪದಕ್ಕೆ ಆಶ್ರಯದ ಅರ್ಥವೂ ಅಂಟಿತು. ಗದಗ ಸೀಮೆಯಲ್ಲಿ ನಾಟಕ ಕಂಪನಿಯ ಫಲಕ ಓದಿದವರಿಗೆ 'ಕೃಪಾಪೋಷಿತ' ಹೊಸದಲ್ಲ: ಇಂಥ ಗುರುವಿನ ಕೃಪೆಯಲ್ಲಿ ಬೆಳೆದ ಸಂಘ ಎಂದು ಸಾರುವ ಮಾತು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರಿ ಹೊಲಗಳಿಗೆ ಮಳೆ ಬಿದ್ದರೆ ಪತ್ರಿಕೆಗಳಲ್ಲಿ ಅದು ವರುಣನ ಕೃಪೆ. ಎರವಲು ಚಿತ್ರದ ಕೆಳಗೆ 'ಚಿತ್ರಕೃಪೆ' ಎಂದು ಅಚ್ಚಾಗುವುದಂತೂ ಬರೀ ಉಪಚಾರ.

ಕ್ರೈಸ್ತ ಧರ್ಮ ಸಾರಲು ಬಂದ ಬಾಸೆಲ್ ಮಿಶನ್ನಿನವರು 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿ ನೆಲೆಯೂರಿದಾಗ ಈ ನೆಲಕ್ಕೆ ದೇವರ ಕರುಣೆಯನ್ನು ಹೊಸದಾಗಿ ಕಲಿಸಬೇಕಿರಲಿಲ್ಲ. ಶರಣರ ಪರಂಪರೆಯಲ್ಲಿ ಗುರುಕಾರುಣ್ಯವಿತ್ತು. ಪ್ರಸಾದ ಅಷ್ಟಾವರಣಗಳಲ್ಲೊಂದು, ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ. ಕಥೋಲಿಕರ ಕನ್ನಡ ಪ್ರಾರ್ಥನೆಗೆ ಹಿಡಿಸಿದ್ದು 'ವರಪ್ರಸಾದ'. ಪ್ರಾಟೆಸ್ಟೆಂಟರ ಕನ್ನಡ ಬೈಬಲ್ಲಿನಲ್ಲಿ ನಿಂತದ್ದು 'ಕೃಪೆ'. ಹೊಸ ಒಡಂಬಡಿಕೆಯ ಗ್ರೀಕ್ ಪದ ಖಾರಿಸ್. ಅದಕ್ಕೆ ಚೆಲುವು, ಒಲವು, ಕೊಡುಗೆ, ಕೃತಜ್ಞತೆ ಎಂಬ ಅರ್ಥಗಳೆಲ್ಲ ಇವೆ. ನಮ್ಮ ಕೃಪೆಯಲ್ಲಿರುವ ಮರುಕ ಅದರಲ್ಲಿ ಅಷ್ಟಿಲ್ಲ. ಹಾಗಾಗಿ ಇದು ಸರಿಸಮನಾದ ಅನುವಾದವಲ್ಲ. ಆದರೂ ಆಯ್ಕೆ ಒಳ್ಳೆಯದೇ ಎನ್ನುತ್ತೇನೆ. ಜೊಂಡಿನ ಕೂಸಿನ ನೆನಪಿರುವ ಪದ ಅದು.

ಕ್ರೈಸ್ತರ ಕೈಯಲ್ಲಿ ಪದ ಹರಿತವಾಯಿತು. ಕೂಸು ನಿರಪರಾಧಿ, ಅದಕ್ಕೆ ಮರುಗುವುದು ಸುಲಭ. ಪೌಲನ ಪತ್ರಗಳ ಕೃಪೆ ಇಳಿಯುವುದು ತಪ್ಪು ಮಾಡಿದವನ ಮೇಲೆ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ನಾಲಾಯಕ್ ಮನುಷ್ಯನ ಮೇಲೆ. ದುಡಿದವನಿಗೆ ಕೊಡುವುದು ಕೂಲಿ, ಅದು ಸಾಲ ತೀರಿಸಿದಂತೆ, ಕೃಪೆಯಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಅವನು ಲೆಕ್ಕ ಬಿಡಿಸುತ್ತಾನೆ. ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಯಜಮಾನ ಇಳಿಹೊತ್ತಿನ ಐದಕ್ಕೆ ಬಂದ ಆಳಿಗೂ ಮುಂಜಾನೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ದಿನವಿಡೀ ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ಅವರಿಗೆ ಮಾತಾಡಿದ ಕೂಲಿಯಲ್ಲಿ ಕಾಸೂ ಕಡಿಮೆಯಾಗಿರಲಿಲ್ಲ.

ಈ ಗೊಣಗಾಟ 2024ರಲ್ಲಿ ಕರ್ನಾಟಕದ ತುಂಬ ಕೇಳಿಸಿತು, ಅದೂ ಇದೇ ಪದದ ಸುತ್ತ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ್ದರು. ಹಾಗಿದ್ದೂ ಫಲಿತಾಂಶ ಶೇ 73.40. ಓದಿದವರಿಗೆ ಅನ್ಯಾಯ ಎಂದರು ಕೆಲವರು; ಮುಖ್ಯಮಂತ್ರಿಗಳೇ ಆಕ್ಷೇಪಿಸಿದರು. ಮರುವರ್ಷ ಆ ಏರಿಕೆಯನ್ನು ಕೈಬಿಡಲಾಯಿತು. ಪರೀಕ್ಷೆ ಅಳೆಯಲೆಂದೇ ಇರುವುದು, ಆದ್ದರಿಂದ ಅದು ಸರಿಯೇ. ಆ ತೋಟದ ಯಜಮಾನನಂತೂ ಪರೀಕ್ಷಾ ಮಂಡಳಿಯಲ್ಲಿ ಒಂದು ವಾರ ಬಾಳುತ್ತಿರಲಿಲ್ಲ.