ಬಹು ಅಂಶ ದೃಢೀಕರಣ

ಬಹು ಅಂಶ ದೃಢೀಕರಣವು ಖಾತೆಯನ್ನು ಪ್ರವೇಶಿಸುತ್ತಿರುವವರು ಅದರ ನಿಜವಾದ ಒಡೆಯರೇ ಎಂಬುದನ್ನು ಎರಡು ಅಥವಾ ಹೆಚ್ಚು ಬಗೆಯ ಪುರಾವೆಗಳಿಂದ ಖಚಿತಪಡಿಸಿಕೊಳ್ಳುವ ವಿಧಾನ. ಗುಪ್ತಪದ ಕಳ್ಳರ ಕೈಸೇರಿದರೂ ಮತ್ತೊಂದು ಪುರಾವೆಯಿಲ್ಲದೆ ಖಾತೆ ತೆರೆಯದಂತೆ ಮಾಡುವುದು ಇದರ ಉದ್ದೇಶ.

ಅಂಶಗಳು

ಪುರಾವೆಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗುತ್ತದೆ.
* ಬಳಕೆದಾರರಿಗೆ ತಿಳಿದಿರುವುದು: ಗುಪ್ತಪದ, ಪಿನ್.
* ಬಳಕೆದಾರರ ಬಳಿ ಇರುವುದು: ಮೊಬೈಲ್, ಕಾರ್ಡ್, ಭದ್ರತಾ ಕೀಲಿ.
* ದೇಹದ ಗುರುತು: ಬೆರಳಚ್ಚು, ಮುಖ, ಕಣ್ಣಿನ ಪಾಪೆ.

ಒಂದೇ ಬಗೆಯ ಎರಡು ಪುರಾವೆಗಳನ್ನು ಕೇಳಿದರೆ ಅದು ಬಹು ಅಂಶ ದೃಢೀಕರಣವೆನಿಸದು. ಎಟಿಎಂನಲ್ಲಿ ಕಾರ್ಡ್ ಮತ್ತು ಪಿನ್ ಎರಡೂ ಬೇಕಾಗುವುದು ಇದರ ಪರಿಚಿತ ಉದಾಹರಣೆ.

ವಿಧಾನಗಳು

ಎಸ್ಎಂಎಸ್ ಮೂಲಕ ಬರುವ ಒಟಿಪಿ ಹೆಚ್ಚು ಬಳಕೆಯಲ್ಲಿದೆ. ಆದರೆ ವಂಚಕರು ಅದೇ ಸಂಖ್ಯೆಗೆ ಬೇರೊಂದು ಸಿಮ್ ಪಡೆದರೆ ಒಟಿಪಿ ಅವರಿಗೇ ತಲುಪುತ್ತದೆ. ಅಥೆಂಟಿಕೇಟರ್ ಆ್ಯಪ್, ಖಾತೆಯೊಡನೆ ಮೊದಲೇ ಹಂಚಿಕೊಂಡ ರಹಸ್ಯ ಕೀಲಿ ಹಾಗೂ ಪ್ರಸ್ತುತ ಸಮಯವನ್ನು ಆಧರಿಸಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಹೊಸ ಸಂಕೇತವನ್ನು ರಚಿಸುತ್ತದೆ. ಇದಕ್ಕೆ ನೆಟ್‌ವರ್ಕ್ ಬೇಕಿಲ್ಲ. ಭದ್ರತಾ ಕೀಲಿ ಮತ್ತು ಪಾಸ್‌ಕೀಗಳು ನಿರ್ದಿಷ್ಟ ಜಾಲತಾಣದ ವಿಳಾಸಕ್ಕೆ ಬದ್ಧವಾಗಿರುವುದರಿಂದ ನಕಲಿ ತಾಣದಲ್ಲಿ ಕೆಲಸ ಮಾಡುವುದಿಲ್ಲ.

ಭಾರತದಲ್ಲಿ

ಅಂತರಜಾಲದಲ್ಲಿ ಕಾರ್ಡ್ ಮೂಲಕ ಮಾಡುವ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ಭಾರತೀಯ ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯಗೊಳಿಸಿತು. ಯುಪಿಐ ವ್ಯವಸ್ಥೆಯಲ್ಲಿ ನೋಂದಾಯಿತ ಮೊಬೈಲ್ ಒಂದು ಅಂಶ, ಪಿನ್ ಸಾಮಾನ್ಯವಾಗಿ ಇನ್ನೊಂದು ಅಂಶ.

ಕರ್ನಾಟಕದ ಪ್ರಕರಣ

ರಾಜಾಜಿನಗರ, ವಿಜಯನಗರ, ಕೆಂಗೇರಿ ಸೇರಿದಂತೆ ರಾಜ್ಯದ ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಆಸ್ತಿ ನೋಂದಣಿಗೆ ‘ಕಾವೇರಿ’ ತಂತ್ರಾಂಶ ಬಳಕೆಯಲ್ಲಿದೆ. ನೋಂದಾಯಿತ ಪತ್ರಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚನ್ನು ನಕಲು ಮಾಡಿ ಬ್ಯಾಂಕ್ ಖಾತೆಯಿಂದ ಹಣ ತೆಗೆಯಲಾಗಿದೆ ಎಂಬ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದವು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ಪಡೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಾಕಾಗುತ್ತಿತ್ತು. ಒಟಿಪಿಯಾಗಲಿ ಪಿನ್ ಆಗಲಿ ಬೇಕಿರಲಿಲ್ಲ. ಆಧಾರ್ ಸಂಖ್ಯೆ ಗುರುತೇ ಹೊರತು ರಹಸ್ಯವಲ್ಲ. ಹೀಗಾಗಿ ರಕ್ಷಣೆಯ ಹೊಣೆಯೆಲ್ಲ ಬೆರಳಚ್ಚೊಂದರ ಮೇಲೆಯೇ ಬಿದ್ದಿತ್ತು. ಕಳುವಾದ ಗುಪ್ತಪದವನ್ನು ಬದಲಾಯಿಸಬಹುದು, ಬೆರಳಚ್ಚನ್ನು ಬದಲಾಯಿಸಲಾಗದು. ಆಧಾರ್ ಪ್ರಾಧಿಕಾರದ ಜಾಲತಾಣ ಅಥವಾ ಆ್ಯಪ್ ಮೂಲಕ ಬಯೋಮೆಟ್ರಿಕ್ ಲಾಕ್ ಮಾಡಿದರೆ ಈ ಬಗೆಯ ದುರ್ಬಳಕೆಯನ್ನು ತಡೆಯಬಹುದು.

ಮಿತಿಗಳು ಮತ್ತು ಮುನ್ನೆಚ್ಚರಿಕೆ

ಬಳಕೆದಾರರೇ ಒಟಿಪಿಯನ್ನು ಹೇಳಿಬಿಟ್ಟರೆ ಎರಡನೆಯ ಅಂಶವೂ ನಿಷ್ಫಲವಾಗುತ್ತದೆ. ಬ್ಯಾಂಕ್ ಅಧಿಕಾರಿ ಅಥವಾ ಪೊಲೀಸರೆಂದು ಹೇಳಿಕೊಂಡು ಕರೆ ಮಾಡುವವರಿಗೂ ಅದನ್ನು ತಿಳಿಸಬಾರದು. ಯುಪಿಐನಲ್ಲಿ ಹಣ ಸ್ವೀಕರಿಸಲು ಪಿನ್ ಬೇಕಿಲ್ಲ. ಅನೇಕ ಖಾತೆಗಳ ಗುಪ್ತಪದಗಳನ್ನು ಇಮೇಲ್ ಮೂಲಕವೇ ಬದಲಾಯಿಸಬಹುದಾದ್ದರಿಂದ ಇಮೇಲ್ ಖಾತೆಗೆ ಈ ರಕ್ಷಣೆಯನ್ನು ಮೊದಲು ಅಳವಡಿಸುವುದು ಸೂಕ್ತ. ಮೊಬೈಲ್ ಕಳೆದುಹೋದಾಗ ನೆರವಾಗುವ ಬ್ಯಾಕಪ್ ಸಂಕೇತಗಳನ್ನು ಕಾಗದದಲ್ಲಿ ಬರೆದು ಭದ್ರವಾಗಿಡಬೇಕು. ಹಣ ಕಳೆದುಕೊಂಡವರು ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸಬೇಕು.